ಹೆದ್ದಾರಿ ಹತ್ತದ ಗಾಡಿ

ಆಸೆಪಟ್ಟು ಕೊಂಡ ವಸ್ತುವನ್ನು ಮನುಷ್ಯ ಎಲ್ಲಿಗೆ ಬೇಕಾದರೂ ಒಯ್ಯಲಿ, ಸ್ವಂತ ಊರಿಗೆ ಮಾತ್ರ ತರಬಾರದು. ತಂದ ದಿನದಿಂದ ಅದು ಅವನದಾಗಿ ಉಳಿಯುವುದಿಲ್ಲ. ಅದರ ಮೇಲೆ ಅವನಿಗಿಂತ ಹೆಚ್ಚಿನ ಹಕ್ಕು ಅವನ ಕಾಕಾನಿಗೆ, ಕಾಕಾನ ಬೀಗರಿಗೆ, ಬೀಗರ ಓಣಿಯವರಿಗೆ ಬರುತ್ತದೆ. ಸಿಟ್ಟಿನಲ್ಲಿ ಇದ್ದಾಗ ಬರೆಯಬಾರದು, ಇಳಿದ ಮೇಲೆ ಬರೆಯಬೇಕು ಎಂದು ಬಲ್ಲವರು ಹೇಳುತ್ತಾರೆ. ನನ್ನ ಈ ಸಿಟ್ಟು ಇಳಿಯಲಿ ಎಂದು ಕಾಯುತ್ತ ಕುಳಿತರೆ ಇದನ್ನು ನನ್ನ ಮೊಮ್ಮಕ್ಕಳೇ ಬರೆಯಬೇಕಾದೀತು.

ನಾನು ಸವಣೂರಿನವನು. ಮಸ್ಕತ್ತಿನ ಒಂದು ತಾಂತ್ರಿಕ ಶಾಲೆಯಲ್ಲಿ ಹಲವು ವರ್ಷ ಹುಡುಗರಿಗೆ ಲೇಥ್ ಕೆಲಸ ಕಲಿಸಿದೆ. ಸಿಗರೇಟಿಲ್ಲ, ಇಸ್ಪೀಟಿಲ್ಲ, ನನಗೆ ಅಂಟಿದ ಒಂದೇ ಚಟವೆಂದರೆ ಮೋಟಾರ್ ಸೈಕಲ್. ದೂರದ ಪ್ರಯಾಣಕ್ಕೆಂದೇ ಮಾಡಿದ, ಎತ್ತರದ, ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆಗಳಿರುವ ಗಾಡಿಯೊಂದನ್ನು ತನ್ನ ದೇಶಕ್ಕೆ ಮರಳುತ್ತಿದ್ದ ಜರ್ಮನ್ ಎಂಜಿನಿಯರನಿಂದ ಕೊಂಡೆ. ರಜೆ ಬಂತೆಂದರೆ ಬೋಳು ಬೆಟ್ಟಗಳ ನಡುವೆ ಒಬ್ಬನೇ ಹೋಗುತ್ತಿದ್ದೆ. ಯಾರ ಪೈಕಿ ಎಂದು ಕೇಳುವವರಿಲ್ಲ, ಬಂದು ಹೋಗಿ ಎಂದು ಜಗ್ಗುವವರಿಲ್ಲ. ಆಗಲೇ ನಿರ್ಧರಿಸಿದೆ: ಊರಿಗೆ ಮರಳುವಾಗ ಈ ಗಾಡಿಯನ್ನೂ ಒಯ್ಯಬೇಕು. ಬಂಕಾಪುರದ ಹತ್ತಿರ ಹೆದ್ದಾರಿ ಹತ್ತಿ, ಉತ್ತರಕ್ಕೆ ಮುಖ ಮಾಡಿ, ಹಿಮ ಕಾಣುವ ತನಕ ಹೋಗಬೇಕು. ಇಷ್ಟೇ ನನ್ನ ಆಸೆ. ಇದು ಅತಿಯಾಸೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಗಾಡಿಯನ್ನು ಹಡಗಿನಲ್ಲಿ ಕಳಿಸುವುದು ಸುಮ್ಮನೆ ಮಾತಲ್ಲ. ಟ್ಯಾಂಕಿನ ಪೆಟ್ರೋಲನ್ನು ಹನಿಯೂ ಉಳಿಯದಂತೆ ಬಸಿಯಬೇಕು, ಬ್ಯಾಟರಿ ಬಿಚ್ಚಬೇಕು, ಟೈರಿನ ಸಂದಿಯಲ್ಲಿ ಆ ದೇಶದ ಮಣ್ಣು ಉಳಿಯದಂತೆ ಬ್ರಷ್ಷಿನಿಂದ ತಿಕ್ಕಬೇಕು. ಅಷ್ಟು ಶ್ರದ್ಧೆಯಿಂದ ನಾನು ನನ್ನ ಹಲ್ಲನ್ನೂ ತಿಕ್ಕಿದವನಲ್ಲ. ಬಂದರಿನಲ್ಲಿ ತೆರಿಗೆಯ ಚೀಟಿಯನ್ನು ಎರಡು ಸಲ ಓದಿದೆ, ಆದರೆ ಹಿಮ ನೆನಪಾಗಿ ಕಟ್ಟಿಬಿಟ್ಟೆ. ಕೊನೆಗೆ ಒಂದು ದಿನ ದೊಡ್ಡ ಕಟ್ಟಿಗೆಯ ಪೆಟ್ಟಿಗೆಯೊಳಗೆ ಕುಳಿತು, ಲಾರಿಯ ಮೇಲೆ, ನನ್ನ ಗಾಡಿ ಸವಣೂರಿನ ಮನೆಯ ಮುಂದೆ ಇಳಿಯಿತು. ಓಣಿಯೆಲ್ಲ ನೆರೆಯಿತು. ಎಲ್ಲರಿಗಿಂತ ಮುಂದೆ ನಿಂತವನು ಶಿವಪ್ಪ ಕಾಕಾ. ಇವನು ನನ್ನ ಅಪ್ಪನ ತಮ್ಮ, ಪಕ್ಕದ ಮನೆಯವನು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆತನಕ್ಕೆ ಅವನೇ ಹಿರಿಯ. ಅವನು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಲಗೆಯ ಮೇಲೆ ಬೆರಳಿನಿಂದ ಬಡಿದು ನೋಡಿ ಹೇಳಿದ: “ಕಟ್ಟಿಗಿ ಬಾಳ ಚಲೋ ಐತಿ ನೋಡಲೇ ತಮ್ಮಾ. ನಮ್ಮ ಕೊಟ್ಟಿಗಿಗೆ ಬಾಗಲಾ ಆಕ್ಕೈತಿ.”

ಒಳಗಿದ್ದ ಗಾಡಿಯ ಬಗ್ಗೆ ಒಂದು ಮಾತಿಲ್ಲ. ನನ್ನ ಹೆಂಡತಿಯಾದರೂ ನಾಲ್ಕು ಒಳ್ಳೆಯ ಮಾತು ಆಡುತ್ತಾಳೇನೋ ಎಂದುಕೊಂಡೆ. ಪೆಟ್ಟಿಗೆ ಬಿಚ್ಚಿದ ಮೇಲೆ ಅವಳು ಸೀಟಿನ ಎತ್ತರ ನೋಡಿ, “ಇದರ ಮ್ಯಾಲೆ ನಾ ಹೆಂಗ ಹತ್ಲಿರಿ? ಏಣಿ ಬ್ಯಾರೆ ಹಡಗಿನಾಗ ಬರಾಕತ್ತೈತೇನು?” ಎಂದಳು. ಓಣಿ ನಕ್ಕಿತು. ಪೆಟ್ಟಿಗೆಯ ಹಲಗೆಗಳು ಅಂದು ಸಂಜೆಯೇ ಕಾಕಾನ ಕೊಟ್ಟಿಗೆ ಸೇರಿದವು.

ರಸ್ತೆಯ ಬಲಬದಿಗೆ ಓಡಿಸುವ ದೇಶದ ಹೆಡ್‌ಲೈಟು ಬದಲಿಸಿ, ನಂಬರು ಬಂದು, ಗಾಡಿ ರಸ್ತೆಗಿಳಿಯುವಷ್ಟರಲ್ಲಿ ಬೇಸಿಗೆ ನಡುವಿಗೆ ಬಂದಿತ್ತು. ಜೂನಿನಲ್ಲಿ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಬೇಕು. ಸೇರಿದ ಮೇಲೆ ಅಷ್ಟು ದಿನ ರಜೆ ಯಾರು ಕೊಡುತ್ತಾರೆ? ಹೋದರೆ ಈಗಲೇ ಹೋಗಬೇಕು, ಇಲ್ಲದಿದ್ದರೆ ಇಲ್ಲ. ಗುಡಾರ, ಸ್ಟೋವು, ಉಣ್ಣೆಯ ಕೈಗವಸು ಎಲ್ಲ ಕಟ್ಟಿಟ್ಟುಕೊಂಡೆ. ಅಷ್ಟರಲ್ಲಿ ಕಾಕಾನ ಮಗಳು ಸವಿತಾಳ ಮದುವೆ ಗೊತ್ತಾಯಿತು.

“ತಮ್ಮಾ, ನಾಳೆ ಮುಂಜಾನಿಂದ ಲಗ್ನಪತ್ರಿಕಿ ಹಂಚಾಕ ಹೋಗೂಣು,” ಎಂದ ಕಾಕಾ. “ನಿನ್ನ ಗಾಡಿಗೆ ಪೆಟಗಿ ಅದಾವಲ್ಲ? ನಮ್ಮ ಪತ್ರಿಕಿ ಅಳತಿ ತಗೊಂಡ ಮಾಡ್ಯಾರ ನೋಡು.”

“ಕಾಕಾ, ಈಗ ಎಲ್ಲಾರೂ ವಾಟ್ಸಾಪಿನಾಗ ಕಳಸ್ತಾರ. ಒಂದ ಸಲ ಒತ್ತಿದ್ರ ನಾಕೂ ತಾಲೂಕಿಗೆ ಮುಟ್ಟತೈತಿ.”

“ಹಂಗಾರ ತಾಳಿನೂ ಅದರಾಗ ಕಟ್ಟಿಸಿಬಿಡೂಣೇನು?” ಕಾಕಾನ ಮುಖ ಕೆಂಪಗಾಯಿತು. “ಮನಿಗೆ ಹೋಗಿ, ಕುಂತು, ಕೈಯಾಗ ಕೊಟ್ಟು ಬರ್ರಿ ಅಂದ್ರ ಅದು ಕರದಂಗ. ಇಲ್ಲಂದ್ರ ಕರೀಲಾರದಂಗ.”

ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಈ ನಾಲ್ಕೂ ತಾಲೂಕಿನಲ್ಲಿ ನಮ್ಮ ನೆಂಟರು; ಎರಡು ದಿನದ ಕೆಲಸ ಎಂದು ಹೊರಟೆವು. ಅದು ನನ್ನ ಬೇಸಿಗೆಯನ್ನೆಲ್ಲ ನುಂಗಿತು. ಎಡಗಡೆಯ ಪೆಟ್ಟಿಗೆಯಲ್ಲಿ ಲಗ್ನಪತ್ರಿಕೆ, ಬಲಗಡೆಯದರಲ್ಲಿ ಬರಿಗೈಲಿ ಹೋಗಬಾರದೆಂದು ನಮ್ಮೂರಿನ ಹೆಸರಾದ ಕುರುಕಲು ತಿಂಡಿ ಸವಣೂರ ಖಾರದ ಪೊಟ್ಟಣಗಳು, ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದ ಕಾಕಾ. ಕೊಡೆಯ ಹಿಡಿಕೆಯಿಂದ ಹೆಲ್ಮೆಟ್ಟಿನ ಎಡಕ್ಕೆ ಬಡಿದರೆ ಎಡಗಡೆ ಬೀಗರ ಮನೆ ಇದೆ ಎಂದರ್ಥ. ಬಲಕ್ಕೆ ಬಡಿದರೆ ಬಲಗಡೆ. ಎರಡೂ ಕಡೆ ಬಡಿದರೆ ದಾಟಿ ಬಂದುಬಿಟ್ಟೆ, ತಿರುಗಿಸು ಎಂದರ್ಥ. ಬೆಟ್ಟ ಹತ್ತಲೆಂದು ಹುಟ್ಟಿದ ಎಂಜಿನ್ನು ಎರಡನೇ ಗೇರು ದಾಟಲಿಲ್ಲ. ಮನೆ ಮನೆಗೂ ಚಹಾ. ಬೇಡವೆಂದರೆ, “ಪರದೇಶದಾಗ ಇದ್ದು ಬಂದಾರ, ನಮ್ಮ ಚಾ ಹೆಂಗ ಸೇರೀತು?” ಎನ್ನುತ್ತಿದ್ದರು. ಆ ಮಾತಿಗೆ ಹೆದರಿ ಕುಡಿದ ಚಹಾದಿಂದ ನನಗೆ ಹತ್ತಿದ ಹುಳಿತೇಗು ಸವಿತಾಳ ಮದುವೆ ಮುಗಿದರೂ ಬಿಡಲಿಲ್ಲ.

ಎಲ್ಲ ಮನೆಗಳಲ್ಲೂ ಪ್ರಶ್ನೆ ಒಂದೇ. “ಎಷ್ಟ ಕೊಡತೈತ್ರಿ?” ಲೀಟರಿಗೆ ಎಷ್ಟು ಓಡುತ್ತದೆ ಎಂದು ಹೇಳಿದ ಕೂಡಲೇ ಮನೆಯ ಹಿರಿಯರು ನನ್ನನ್ನು ಕನಿಕರದಿಂದ ನೋಡಿ, “ಇದರ ರೊಕ್ಕದಾಗ ಒಂದು ಟ್ರ್ಯಾಕ್ಟರ್ ಬರತಿತ್ತಲ್ರಿ” ಎನ್ನುವರು. ಶಿಗ್ಗಾಂವಿಯಲ್ಲಿ ಕೇಳಿ ನಕ್ಕುಬಿಟ್ಟೆ. ಹಿರೇಕೆರೂರಿನಲ್ಲಿ ಕೇಳಿ ಹಲ್ಲು ಕಚ್ಚಿದೆ. ಹಾನಗಲ್ಲಿನಲ್ಲಿ ತಡೆಯಲಾಗಲಿಲ್ಲ. “ಟ್ರ್ಯಾಕ್ಟರ್ ಮ್ಯಾಲೆ ಹಿಮಾಲಯಕ್ಕ ಹೋಗಾಕ ಆಗತೈತೇನ್ರಿ?” ಎಂದು ಕೇಳಿಯೇಬಿಟ್ಟೆ. ಆ ಅಜ್ಜ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತ, “ಇದರ ಮ್ಯಾಲೆ ಹೋಗಿ ಬಂದೀರೇನು?” ಎಂದ. ನಾನು ಹೆಲ್ಮೆಟ್ಟು ಎತ್ತಿಕೊಂಡು ಎದ್ದೆ. ಕಾಕಾ ಎರಡನೇ ಕಪ್ಪು ಚಹಾ ಕುಡಿಯುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಮಾತ್ರ ಹಾನಗಲ್ಲಿನ ದಾರಿಯಲ್ಲಿ ಹೆದ್ದಾರಿ ದಾಟುವಾಗ. ಲಾರಿಗಳು ಭರ್ರೆಂದು ಉತ್ತರಕ್ಕೆ ಹೋಗುತ್ತಿರುತ್ತವೆ. ಈರುಳ್ಳಿ ಹೇರಿದ ಲಾರಿಗೂ ಆ ಭಾಗ್ಯವಿದೆ. ನನ್ನ ಕೈ ತಾನಾಗಿಯೇ ಆ ಕಡೆ ಹೊರಳುವುದು, ಹೆಲ್ಮೆಟ್ಟಿನ ಮೇಲೆ ಟಕ್ಕೆಂದು ಕೊಡೆ ಬೀಳುವುದು. “ಸೀದಾ ನಡಿಯಲೇ, ಅಲ್ಲೆ ನಮ್ಮವರು ಯಾರದಾರ?” ಮರಳುವಾಗ ಪೆಟ್ಟಿಗೆಯ ತುಂಬ ಅವರಿವರು ಕೊಟ್ಟ ಮಾವಿನಹಣ್ಣು, ನಮ್ಮಿಬ್ಬರ ನಡುವೆ ಒಂದು ಕುಂಬಳಕಾಯಿ. ನನ್ನ ಗುಡಾರ ಇಡಬೇಕಾಗಿದ್ದ ಪೆಟ್ಟಿಗೆಯಲ್ಲಿ ಮಾವಿನ ರಸ ಸೋರಿ ಇರುವೆ ಹತ್ತಿದವು.

ಕೊನೆಯ ಪತ್ರಿಕೆ ಚಿಕ್ಕೇರೂರಿನ ರುದ್ರಪ್ಪ ಮಾವನದು. ಕಾಕಾನ ಹೆಂಡತಿಯ ಕಡೆಯ ದೂರದ ಸಂಬಂಧ. ಹೋದರೆ ಮನೆಗೆ ಕೀಲಿ. ಪಕ್ಕದ ಮನೆಯಲ್ಲಿ ಕೊಟ್ಟು ಹೋಗೋಣ ಎಂದೆ. “ಪಕ್ಕದ ಮನಿಯಾಗ ಕೊಟ್ರ ಸಾಯೂತನಕ ಆಡ್ಕೊಂತಾರ” ಎಂದ ಕಾಕಾ. ಸರಿ, ಸವಣೂರಿಗೆ ಬಂದು, ಮರುದಿನ ಆ ಒಂದೇ ಒಂದು ಪತ್ರಿಕೆ ಹಿಡಿದು ಮತ್ತೆ ಚಿಕ್ಕೇರೂರಿಗೆ ಹೋದೆವು. ರುದ್ರಪ್ಪ ಮಾವ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಹೇಳಿದ: “ಇಷ್ಟ ದೂರ ಯಾಕ ಬರಾಕ ಹೋದ್ರಿ? ಒಂದ ಫೋನ್ ಮಾಡಿದ್ರ ನಾ ಬರತಿರಲಿಲ್ಲೇನು?” ಕಾಕಾ ಹಿಗ್ಗಿ ಹೀರೇಕಾಯಿಯಾದ. ನಾನು ಹೊರಗೆ ಬಂದು ಗಾಡಿಯ ಪಕ್ಕ ನಿಂತೆ. ಅಳು ಬಂದಿತ್ತು ಎಂದರೆ ನಗಬೇಡಿ.

ಮದುವೆ ಚೆನ್ನಾಗಿಯೇ ಆಯಿತು. ಕರೆದವರೆಲ್ಲ ಬಂದರು. ಅಕ್ಷತೆ ಬಿದ್ದ ಮಧ್ಯಾಹ್ನವೇ ಮಳೆಯೂ ಬಂತು. ನಾನು ಕೆಲಸಕ್ಕೆ ಸೇರಿದೆ. ಸಮುದ್ರ ದಾಟಿ ಬಂದ ನನ್ನ ಗಾಡಿ ಈಗ ಊಟದ ಡಬ್ಬಿ ಹೊತ್ತು ಹಳ್ಳಿಯ ರಸ್ತೆಯಲ್ಲಿ ಹಾವೇರಿಗೆ ಹೋಗಿ ಬರುತ್ತದೆ. ಗುಡಾರವನ್ನು ಹೆಂಡತಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಲು ಹಾಸುತ್ತಾಳೆ.

ಮೊನ್ನೆ ಫೋನು ಟಿಂಗ್ ಎಂದಿತು. ತೆರೆದರೆ ರುದ್ರಪ್ಪ ಮಾವನ ಮಗನ ಲಗ್ನಪತ್ರಿಕೆ! ಮೇಲಿನಿಂದ ಗುಲಾಬಿ ಪಕಳೆ ಉದುರುತ್ತವೆ, ಹಿಂದೆ ಸನಾದಿ ನುಡಿಯುತ್ತದೆ, ಕೆಳಗೆ ‘ಇದನ್ನೇ ಖುದ್ದು ಆಮಂತ್ರಣವೆಂದು ಭಾವಿಸಬೇಕು’ ಎಂದು ಬರೆದಿದೆ. ನನ್ನ ಪಿತ್ತ ನೆತ್ತಿಗೇರಿತು.

“ಯಾಕ ಭಾವಿಸಬೇಕು?” ಎಂದು ಕೂಗಿದೆ. “ಒಂದ ಪತ್ರಿಕಿ ಸಲುವಾಗಿ ಇವರ ಮನಿಗೆ ಎರಡ ಸಲ ಹೋಗೇನಿ ನಾನು! ಮನಿಗೆ ಬಂದು ಕೊಡಾಕ ಏನ ಧಾಡಿ ಬಂದಿತ್ತು? ಗಾಡಿ ಇರಲಿಲ್ಲಂದ್ರ ನನ್ನ ಕೇಳಬೇಕಿತ್ತು, ನಾನ ಹೋಗಿ ನಾಕೂ ತಾಲೂಕಿಗೆ ಹಂಚಿ ಬರ್ತಿದ್ದೆ!”

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. “ಯಾರು ಹಂಚಿ ಬರ್ತಿದ್ರಿ?” ಎಂದಳು.

ನಾನು ಕಾಕಾನ ಮನೆಗೆ ಓಡಿದೆ. ಈ ಅವಮಾನ ಅರ್ಥವಾಗುವುದಾದರೆ ಅವನೊಬ್ಬನಿಗೇ. ಕಾಕಾ ಕಟ್ಟೆಯ ಮೇಲೆ ಕುಳಿತು, ಕನ್ನಡಕ ಏರಿಸಿ, ಅದೇ ಪತ್ರಿಕೆಯನ್ನು ತನ್ನ ಫೋನಿನಲ್ಲಿ ನೋಡುತ್ತಿದ್ದ. ಬಿರುಗಾಳಿ ಏಳುತ್ತದೆ ಎಂದು ಕಾದೆ.

“ಈ ಹೂವು ಬೀಳೂದು ಹೆಂಗ ಮಾಡ್ಯಾರಲೇ ತಮ್ಮಾ?” ಎಂದ. “ಬಾಳ ಚಂದ ಐತಿ.”

ಮದುವೆ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಂತೆ. ಬಂಕಾಪುರದ ಹತ್ತಿರ ಹೆದ್ದಾರಿ ಹತ್ತಿ ಉತ್ತರಕ್ಕೆ ಹೋಗಬೇಕು. ನಾನು ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಮನೆಗೆ ಬಂದು, ಕುಳಿತು, ಕೈಯಲ್ಲಿ ಪತ್ರಿಕೆ ಕೊಟ್ಟು ಕರೆದರೆ ಆ ಮಾತು ಬೇರೆ.