ಎಲೆರಾಯನೂ ಬೀಗರೂಟವೂ

1998ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಉಳಿದರ್ಧ ವರ್ಷ ನನಗೆ ಬೇಕೆನಿಸಲಿಲ್ಲ. ಶಾಲೆಯವರೂ ಹುಡುಕಿಕೊಂಡು ಬರಲಿಲ್ಲ.

ಅಲ್ಲಿಂದಾಚೆಗೆ ನಾನು ಒಂದು ದಿನವೂ ಸುಮ್ಮನೆ ಕೂತವನಲ್ಲ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊತ್ತೆ. ಹಾಸನದಲ್ಲಿ ಆಟೋ ಓಡಿಸಿದೆ. ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟೆ. ಯಾರೋ ರಿಪೇರಿಗೆ ಕೊಟ್ಟ ಫೋನಿನಲ್ಲಿ ಪೋಕರ್ ಎಂಬ ಇಸ್ಪೀಟಾಟವನ್ನು ಮೊದಲ ಸಲ ನೋಡಿದೆ. ಫೋನು ಸರಿಹೋಯಿತು, ನಾನು ಕೆಟ್ಟೆ! ಆಟದ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ನಿಘಂಟು ಪಕ್ಕಕ್ಕಿಟ್ಟುಕೊಂಡು ವರ್ಷಗಟ್ಟಲೆ ಓದಿದೆ. ಶಾಲೆಯಲ್ಲಿ ಹೀಗೆ ಓದಿದ್ದರೆ ಇವತ್ತು ತಹಶೀಲ್ದಾರನಾಗಿರುತ್ತಿದ್ದೆ. ಕಡೆಗೆ ಅಂಗಡಿ ಮುಚ್ಚಿ ಅದನ್ನೇ ವೃತ್ತಿ ಮಾಡಿಕೊಂಡೆ. ಆಗಿನ್ನೂ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ದುಡ್ಡು ಕಟ್ಟಿ ಪಂದ್ಯ ಆಡಲು ಕಾನೂನಿನ ಅಡ್ಡಿಯಿರಲಿಲ್ಲ.

ಮನೆಯ ಮಹಡಿಯ ಕೋಣೆಯೇ ನನ್ನ ಆಫೀಸು. ಹತ್ತಕ್ಕೆ ಸ್ನಾನ ಮಾಡಿ, ಪ್ಯಾಂಟು ಹಾಕಿಕೊಂಡು ಹತ್ತುತ್ತಿದ್ದೆ. ಲುಂಗಿಯಲ್ಲಿ ಕೂತರೆ ಅದು ಜೂಜು, ಪ್ಯಾಂಟಿನಲ್ಲಿ ಕೂತರೆ ಅದು ಉದ್ಯೋಗ. ನನ್ನ ಹೆಂಡತಿ ಜಯಂತಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. "ರೀ, ಹೆಂಗೂ ಸುಮ್ನೆ ಕೂತಿರ್ತೀರಲ್ಲ, ಕುಕ್ಕರ್ ಮೂರ್ ಸಲ ಕೂಗಿದ್ ಮ್ಯಾಲೆ ಆಫ್ ಮಾಡಿ" ಎಂದು ಹೇಳಿ ಅಂಗಡಿಗೆ ಹೋಗುತ್ತಿದ್ದಳು. ಒಮ್ಮೆ ದೊಡ್ಡ ಪಂದ್ಯದ ಕೊನೆಯ ಸುತ್ತಿನಲ್ಲಿ ನಾನು ಕುಕ್ಕರ್ ನೋಡಲು ಓಡಿದೆ. ಪಂದ್ಯ ಹೋಯಿತು. ಬೇಳೆಯೂ ಸೀದಿತ್ತು.

ಸಂಜೆ ಹೊತ್ತು ಬ್ಲಾಗು ಬರೆಯುತ್ತಿದ್ದೆ. ಪೋಕರ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಬೇರೆ ಯಾರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲವಾದ್ದರಿಂದ ಈ ಕ್ಷೇತ್ರದಲ್ಲಿ ನಾನೇ ಮೊದಲಿಗ, ನಾನೇ ಕೊನೆಯವ. "ನೆಂಟ್ರಿಗೆ ಗೊತ್ತಾದ್ರೆ ಮರ್ವಾದೆ ಓಯ್ತದೆ" ಎಂದು ಜಯಂತಿ ಹಟ ಹಿಡಿದಿದ್ದರಿಂದ ಹೆಸರು ಮರೆಸಿ 'ಎಲೆರಾಯ' ಎಂದು ಸಹಿ ಮಾಡುತ್ತಿದ್ದೆ. ನೆಂಟರ ಪಾಲಿಗೆ ನನ್ನದು 'ಕಂಪ್ಯೂಟರ್ ಕೆಲಸ'. ಪ್ರತಿ ಶನಿವಾರ ಓದುಗರ ಪ್ರಶ್ನೆಗೆ ಉತ್ತರ. ಮೊದಮೊದಲು ಆಟದ ಬಗ್ಗೆ ಕೇಳುತ್ತಿದ್ದರು. ಬರಬರುತ್ತಾ ಸೈಟು ಕೊಳ್ಳಲೇ, ಪಾಲುಗಾರನನ್ನು ನಂಬಲೇ ಎಂದೆಲ್ಲ ಕೇಳತೊಡಗಿದರು. ನಾನು ಯಾವುದಕ್ಕೂ ಗೊತ್ತಿಲ್ಲ ಎನ್ನಲಿಲ್ಲ. ಒಂಬತ್ತನೇ ಕ್ಲಾಸಿಗೆ ಬಿಟ್ಟವನನ್ನು ಜನ 'ಗುರುಗಳೇ' ಎಂದು ಕರೆದರೆ ಇಲ್ಲವೆನ್ನಲು ಬಾಯಿ ಹೇಗೆ ಬಂದೀತು!

ಹೀಗಿರುವಾಗ ನನ್ನ ನಾದಿನಿ ಪೂರ್ಣಿಮಾಳಿಗೆ ಗಂಡು ಗೊತ್ತಾಯಿತು. ಅವಳು ಹಾಸನದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹುಡುಗ ರಘು ಹಾಸನದ ಹತ್ತಿರದ ದುದ್ದದ ದನದ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ದಿನಾ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ನೋಡಿ ಮೆಚ್ಚಿಕೊಂಡಿದ್ದರು. ಅದೃಷ್ಟಕ್ಕೆ ಜಾತಿ, ಜಾತಕ ಎಲ್ಲವೂ ಕೂಡಿಬಂದಿತ್ತು. ಇನ್ನುಳಿದಿದ್ದು ಹಿರಿಯರ ಮಾತುಕತೆ. ನನ್ನ ಮಾವ ತೀರಿಕೊಂಡಿದ್ದರು. ದೊಡ್ಡ ಅಳಿಯನಾದ ನಾನೇ ಹೆಣ್ಣಿನ ಕಡೆಯ ಯಜಮಾನ.

"ನೋಡಿ, ಹುಡ್ಗ ಒಳ್ಳೇವ್ನು. ಅವ್ಳಿಗೂ ಇಷ್ಟ. ನೀವು ಹೂಂ ಅಂದ್ಕಂಡು ಕೂತ್ಕಳಿ, ಸಾಕು" ಎಂದಳು ಜಯಂತಿ.

"ಎದುರಿಗೆ ಕೂತವನ ಮುಖ ನೋಡಿ ಅವನ ಮನಸ್ಸು ಓದೋದೇ ನನ್ ಕೆಲ್ಸ ಕಣೇ" ಎಂದೆ.

"ನನ್ ಮುಖಾನೇ ಓದಕ್ಕಾಗಿಲ್ಲ ಹದಿನೈದ್ ವರ್ಸದಿಂದ!"

ಅರಕಲಗೂಡಿನ ಅತ್ತೆ ಮನೆಯಲ್ಲಿ ಮಾತುಕತೆ. ಗಂಡಿನ ಕಡೆಯಿಂದ ಯಜಮಾನಿಕೆಗೆ ಬಂದವರು ರಘುವಿನ ಸೋದರಮಾವ, ಚನ್ನರಾಯಪಟ್ಟಣದ ನಂಜೇಗೌಡರು. ತಂದೆಯಿಲ್ಲದ ಹುಡುಗನನ್ನು ಸಾಕಿ ಓದಿಸಿದವರು. ಉಪ್ಪಿಟ್ಟು, ಕೇಸರಿಬಾತು ಬಂತು. ಛತ್ರ ಹಾಸನದಲ್ಲಿ ಎಂದಾಯಿತು. ಬಟ್ಟೆಬರೆ ಅವರವರದು ಎಂದಾಯಿತು. ಕೊನೆಗೆ ಬೀಗರೂಟದ ವಿಷಯ ಬಂತು.

ಮದುವೆ ಮುಗಿದ ಮೇಲೆ ಎರಡೂ ಕಡೆಯ ನೆಂಟರು ಕೂತು ಬಾಡೂಟ ಉಣ್ಣುವುದೇ ಬೀಗರೂಟ. ಯಾರು ಹಾಕಬೇಕು ಎಂಬುದಕ್ಕೆ ಒಂದೊಂದು ಮನೆಯದು ಒಂದೊಂದು ಪದ್ಧತಿ. ತಾಳಿ ಕಟ್ಟಿದ್ದನ್ನು ಜನ ಮರೆತಾರು, ಬೀಗರೂಟದಲ್ಲಿ ತಮ್ಮ ಎಲೆಗೆ ಬರೀ ಮೂಳೆ ಬಿದ್ದಿದ್ದನ್ನು ಮರೆಯುವುದಿಲ್ಲ.

"ನಮ್ ಕಡೆ ಹೆಣ್ಣಿನೋರೇ ಹಾಕದು" ಎಂದರು ನಂಜೇಗೌಡರು.

"ನಮ್ ಕಡೆ ಗಂಡಿನೋರು" ಎಂದೆ.

ನಂಜೇಗೌಡರು ಕಿವಿ ಮುಟ್ಟಿಕೊಂಡರು. ನನ್ನ ವೃತ್ತಿಬುದ್ಧಿ ಥಟ್ಟನೆ ಎದ್ದು ಕೂತಿತು! ಕಿವಿ ಮುಟ್ಟಿಕೊಳ್ಳುವವನ ಕೈಯಲ್ಲಿ ಒಳ್ಳೆಯ ಎಲೆ ಇರುವುದಿಲ್ಲ ಎಂದು ನಾನೇ ಬ್ಲಾಗಿನಲ್ಲಿ ಬರೆದಿದ್ದೆ. ಅವರಿಗೆ ಕಿವಿಸೋರಿಕೆ ಇದೆ ಎಂದು ಆಮೇಲೆ ತಿಳಿಯಿತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಬ್ಲಫ್. ಅಂದರೆ ಕೈ ಖಾಲಿಯಿದ್ದರೂ ತುಂಬಿದೆ ಎಂದು ತೋರಿಸುವುದು. ನಾನು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟೆ.

"ನೋಡಿ ಗೌಡ್ರೇ, ಹಾಸನದಿಂದ ಇನ್ನೊಂದು ಗಂಡಿನೋರೂ ಕೇಳ್ತಾ ಅವ್ರೆ. ಬೀಗರೂಟ ತಾವೇ ಹಾಕ್ತೀವಿ ಅಂತಾರೆ."

ಜಡೆ ಸರಿಮಾಡಿಕೊಳ್ಳುತ್ತಿದ್ದ ಪೂರ್ಣಿಮಾಳ ಕೈ ಅಲ್ಲೇ ನಿಂತಿತು. ನಂಜೇಗೌಡರು ನನ್ನನ್ನೇ ನೋಡಿದರು. ನಾನು ರೆಪ್ಪೆ ಬಡಿಯಲಿಲ್ಲ.

"ಅಂಗಾ? ಒಳ್ಳೇದೇ ಆಯ್ತು ಬುಡಿ, ಅವ್ರಿಗೇ ಕೊಡಿ. ನಾವ್ಯಾಕೆ ಅಡ್ಡ ಬರಾನ? ಏಳ್ಲಾ ರಘು."

ರಘುವಿನ ಬಾಯಲ್ಲಿ ಕೇಸರಿಬಾತಿತ್ತು. ಕಣ್ಣಲ್ಲಿ ನೀರಿತ್ತು. ಹಾಗೇ ಎದ್ದ. ನಂಜೇಗೌಡರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಮಾಡಿದರು. ಸೋತವನ ಕಾಲು ಬೇಗ ಏಳುವುದಿಲ್ಲ ಎಂದುಕೊಂಡೆ.

ಅವರ ಕಾರು ಹೊರಟಿದ್ದೇ ತಡ, "ಗೆದ್ದೆ!" ಎಂದೆ.

"ಏನ್ ಗೆದ್ರಿ?" ಎಂದಳು ಜಯಂತಿ.

"ಎದುರಾಳಿ ಎಲೆ ಬಿಸಾಕಿ ಎದ್ದೋದ!"

"ರೀ, ಎದ್ದೋಗಿದ್ದು ಗಂಡು ಕಣ್ರೀ!"

ಪೋಕರಿನಲ್ಲಿ ಎದುರಿಗಿದ್ದವರೆಲ್ಲ ಎದ್ದು ಹೋದರೆ ಮೇಜಿನ ಮೇಲಿರುವುದೆಲ್ಲ ನಮ್ಮದು. ಇಲ್ಲಿ ಮೇಜಿನ ಮೇಲೆ ಉಳಿದಿದ್ದು ಆರಿದ ಉಪ್ಪಿಟ್ಟಿನ ತಟ್ಟೆಗಳು. ಅದೆಲ್ಲ ನನ್ನದಾಯಿತು! ಪೂರ್ಣಿಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅಳೀಂದ್ರೇ, ಆ ಹಾಸನದ್ ಗಂಡು ಯಾರ್ ಮನೇದು? ನಂಗ್ ಯೋಳ್ನೇ ಇಲ್ವಲ್ಲ?"

ನನ್ನ ಬ್ಲಫನ್ನು ಪೂರ್ತಿ ನಂಬಿದ್ದು ಅವರೊಬ್ಬರೇ.

ಆದರೂ ನಾನು ಎದೆಗುಂದಲಿಲ್ಲ. "ಯಾರೂ ಫೋನ್ ಮಾಡ್ಬೇಡಿ. ಅವರಾಗೇ ಬರ್ತಾರೆ" ಎಂದು ಅಪ್ಪಣೆ ಕೊಡಿಸಿ ಹೊಳೆನರಸೀಪುರಕ್ಕೆ ಬಂದೆ. ಆ ಶನಿವಾರ ಬ್ಲಾಗಿಗೆ ಒಂದು ಪ್ರಶ್ನೆ ಬಂದಿತ್ತು:

'ಗುರುಗಳೇ, ನಾನು ನಿಮ್ಮ ಕಾಯಂ ಓದುಗ, ಚನ್ನರಾಯಪಟ್ಟಣದವನು. ಒಂದು ಮುಖ್ಯವಾದ ಮಾತುಕತೆಗೆ ಹೋಗಿದ್ದೆ. ಎದುರಿನವರು ಬೇರೆಯವರೂ ಕೇಳುತ್ತಿದ್ದಾರೆ ಎಂದರು. ಎದ್ದು ಬಂದೆ. ಆದರೆ ನಮ್ಮ ಹುಡುಗನಿಗೆ ಬಹಳ ಆಸೆ, ಊಟ ಬಿಟ್ಟಿದ್ದಾನೆ. ನಾನೇ ಫೋನ್ ಮಾಡಲೇ?'

ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ದನದ ಜಾತ್ರೆ ನಡೆಯುವ ಚನ್ನರಾಯಪಟ್ಟಣದ ಕಡೆಯವರು, ಬೇರೆ ಗಿರಾಕಿ ಬೇರೆ ಇದ್ದಾರೆ. ಇದು ಹಸು ವ್ಯಾಪಾರವೇ ಎಂದು ತೀರ್ಮಾನಿಸಿ, ಸಾಕಷ್ಟು ಗಾಂಭೀರ್ಯದಿಂದ ಉತ್ತರ ಬರೆದೆ:

'ಯಾವ ಕಾರಣಕ್ಕೂ ಫೋನ್ ಮಾಡಬೇಡಿ. ಬೇರೆ ಗಿರಾಕಿ ಎಂಬುದು ಶುದ್ಧ ಸುಳ್ಳು. ಕೊಟ್ಟಿಗೆಯಲ್ಲಿ ಕಟ್ಟಿಕೊಂಡವರಿಗೇ ಮೇವಿನ ಚಿಂತೆ. ತಡವಾದಷ್ಟೂ ವಯಸ್ಸಾಗುತ್ತದೆ, ಬೆಲೆ ಇಳಿಯುತ್ತದೆ. ತಾವೇ ಹಗ್ಗ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ. ಅಷ್ಟರೊಳಗೆ ಹಲ್ಲು ಸರಿಯಾಗಿದೆಯೇ ವಿಚಾರಿಸಿಕೊಳ್ಳಿ.'

ಎಂಥ ಉತ್ತರ ಎಂದು ನಾನೇ ಎರಡು ಸಲ ಓದಿಕೊಂಡೆ.

ಅವರು ಫೋನ್ ಮಾಡಲಿಲ್ಲ, ನಾವೂ ಮಾಡಲಿಲ್ಲ. ಇನ್ನೊಂದು ವಾರ ಕಳೆಯಿತು. ಭಾನುವಾರ ಪೂರ್ಣಿಮಾ ಹಾಸನದಿಂದ ಬಸ್ಸು ಹತ್ತಿ ನೇರವಾಗಿ ನಮ್ಮ ಮನೆಗೆ ಬಂದಳು. ಚಪ್ಪಲಿಯನ್ನೂ ನೆಟ್ಟಗೆ ಬಿಡಲಿಲ್ಲ.

"ಅಕ್ಕಾ, ರಘು ಎಲ್ಲಾ ಯೋಳ್ದ್ರು. ಅವ್ರ ಮಾವ ಫೋನ್ ಮಾಡಕ್ಕೆ ತಯಾರಾಗಿದ್ರಂತೆ. ಯಾವನೋ ಎಲೆರಾಯ ಅನ್ನೋನು ಬ್ಯಾಡ ಅಂದ್ನಂತೆ! ಅವ್ರಿಗೆ ಅವ್ನು ಯೋಳಿದ್ದೇ ವೇದ. ನಂಗೆ ವಯಸ್ಸಾಯ್ತದಂತೆ, ನನ್ ಹಲ್ಲು ನೋಡ್ಬೇಕಂತೆ! ಆ ಎಲೆರಾಯ ಒಂದ್ಸಲ ನನ್ ಕೈಗೆ ಸಿಗ್ಲಿ, ಸಿರಿಂಜಲ್ಲಿ ಒಂದ್ ತೊಟ್ಟು ರಕ್ತ ಬುಡಲ್ಲ."

ಜಯಂತಿ ಸೌಟು ಕೆಳಗಿಟ್ಟಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ಮುಖವನ್ನು ಮಾತ್ರ ನಾನು ತಪ್ಪಿಲ್ಲದೆ ಓದಿದೆ.

"ಭಾವ, ನೀವ್ಯಾಕೆ ಬೆವರ್ತಾ ಇದ್ದೀರಿ?" ಎಂದಳು ಪೂರ್ಣಿಮಾ.

"ನನ್ ತಂಗೀನ ಹಸು ಅಂದ್ರಾ?" ಎಂದಳು ಜಯಂತಿ.

ನಾದಿನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲಿನದನ್ನು ಬರೆಯುವುದಿಲ್ಲ. ಕೂಗಾಟವೆಲ್ಲ ಮುಗಿದ ಮೇಲೆ ಅವಳು ಗೋಡೆಗೊರಗಿ ಕೂತು, ಸಣ್ಣ ದನಿಯಲ್ಲಿ, "ನಂಗೆ ಅವ್ರೇ ಬೇಕು ಭಾವ. ಮುಂದಿನ್ ವಾರ ಅವ್ರ ಮಾವ ಬ್ಯಾರೆ ಹೆಣ್ ನೋಡಕ್ ಓಯ್ತಾರಂತೆ" ಎಂದಳು. ಬೈದಿದ್ದಕ್ಕಿಂತ ಇದೇ ಹೆಚ್ಚು ನಾಟಿತು.

ಮಹಡಿಗೆ ಓಡಿದೆ. ಕೂಡಲೇ ಬ್ಲಾಗಿನಲ್ಲಿ ಹಾಕಿದೆ: 'ಚನ್ನರಾಯಪಟ್ಟಣದ ಓದುಗರ ಗಮನಕ್ಕೆ: ನನ್ನ ಉತ್ತರ ತಪ್ಪು. ತಕ್ಷಣ ಫೋನ್ ಮಾಡಿ.'

ಐದೇ ನಿಮಿಷಕ್ಕೆ ಮಾರುತ್ತರ ಬಂತು: 'ಗುರುಗಳೇ, ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ ಎಂದು ಗೊತ್ತಾಯಿತು. ನಾನು ನಿಮ್ಮ ಶಿಷ್ಯ. ಜಗ್ಗುವುದಿಲ್ಲ!'

ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಕಲಿತ ಶಿಷ್ಯ ಯಾವ ಮೇಷ್ಟರಿಗೂ ಸಿಗದಿರಲಿ.

ಮಾರನೆಯ ಬೆಳಿಗ್ಗೆಯೇ ಜಯಂತಿ ನನ್ನನ್ನು ಬೈಕಿನಲ್ಲಿ ಹೊರಡಿಸಿಕೊಂಡು ಚನ್ನರಾಯಪಟ್ಟಣಕ್ಕೆ ಹೊರಟಳು. ಓಡಿಸಿದ್ದು ನಾನು, ಹೊರಡಿಸಿದ್ದು ಅವಳು. ನಂಜೇಗೌಡರು ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದರು. ನಮ್ಮನ್ನು ಕಂಡವರೇ ಮುಖ ಅರಳಿಸಿ, "ಬಂದ್ರಾ! ಗುರುಗಳು ಯೋಳಿದ್ದು ಒಂದಕ್ಸರ ಸುಳ್ಳಾಗ್ಲಿಲ್ಲ. ಬತ್ತಾರೆ ಅಂದಿದ್ರು, ಬಂದ್ರು!" ಎಂದರು.

"ಗೌಡ್ರೇ, ಆ ಗುರು ನಾನೇ. ನಾನೇ ಎಲೆರಾಯ" ಎಂದೆ.

ಅವರು ನಕ್ಕರು. ನಗುತ್ತಲೇ ಕಿವಿಗೆ ಹತ್ತಿ ಇಟ್ಟುಕೊಂಡರು. "ತಮಾಸೆ ಬುಡಿ. ಎಲೆರಾಯ್ರು ಅಂದ್ರೆ ಭಾರೀ ಓದಿರೋರು. ಎಂಜಿನಿಯರೋ, ಕಾಲೇಜ್ ಮೇಷ್ಟ್ರೋ ಇರ್ಬೇಕು. ನೀವ್ ಎಲ್ಲಿಗಂಟ ಓದೀರಿ?"

"ಒಂಬತ್ತು. ಅದೂ ಅರ್ಧ."

"ನೋಡಿ ಮತ್ತೆ!"

ನನ್ನ ಜೀವನದಲ್ಲೇ ಯಾರೂ ನನಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ. ಅದನ್ನು ಸುಳ್ಳು ಮಾಡಲು ನಾನು ಬೈಕಿನಲ್ಲಿ ಬಂದಿದ್ದೆ! ಒಂದು ಕ್ಷಣ, ಹಾಗೇ ಬಿಟ್ಟುಬಿಡೋಣ ಎನಿಸಿದ್ದು ಸುಳ್ಳಲ್ಲ. ಜಯಂತಿ ತಿವಿದಳು. ಫೋನು ತೆಗೆದು ಅವರ ಮುಂದೆಯೇ ಬ್ಲಾಗು ತೆರೆದು, ಅವರ ಪ್ರಶ್ನೆಯ ಕೆಳಗೆ ಬರೆದೆ: 'ಗೌಡ್ರೇ, ನಿಮ್ಮ ಎದುರಿಗೇ ನಿಂತಿದ್ದೀನಿ.' ಅವರ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

ನಂಜೇಗೌಡರು ಫೋನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋನು ನೋಡಿದರು. ಅಲ್ಲಿಯವರೆಗೂ ಕಿಟಕಿಯ ಹಿಂದೆ ನಿಂತಿದ್ದ ರಘು ಹೊರಗೆ ಬಂದ.

"ಹಾಸನದ್ ಗಂಡು?" ಎಂದು ಕೇಳಿದರು ನಂಜೇಗೌಡರು.

"ಇರ್ಲೇ ಇಲ್ಲ. ಖಾಲಿ ಕೈ."

"ಮತ್ತೆ ಆ ಮೇವು, ಹಗ್ಗ, ಹಲ್ಲು?"

"ನೀವು ಹಸು ಕೊಳ್ತಾ ಇದ್ದೀರಿ ಅನ್ಕಂಡಿದ್ದೆ."

"ಎಂಥಾ ಉಪಮೆ ಕೊಟ್ಟವ್ರೆ ಅಂತ ನಾನು ಬೀದಿಗೆಲ್ಲಾ ಓದಿ ಯೋಳಿದ್ನಲ್ಲ ಸ್ವಾಮಿ!" ಎಂದು ಅವರು ತಲೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ದನಿ ತಗ್ಗಿಸಿದರು. "ಅವತ್ತು ನಂಗೂ ಎದ್ ಬರಕ್ ಮನಸಿರ್ಲಿಲ್ಲ. ನೀವು ಕೂಗ್ತೀರಿ ಅಂತ ಬಾಕ್ಲಲ್ಲಿ ಚಪ್ಲಿ ಹುಡುಕ್ತಾ ನಿಂತಿದ್ದೆ. ಕೂಗ್ನೇ ಇಲ್ವಲ್ಲ ನೀವು!"

"ತಪ್ಪಾಯ್ತು. ಹುಡ್ಗೀಗೆ ನಿಮ್ ರಘುನೇ ಬೇಕಂತೆ. ಬೀಗರೂಟ ನಾವೇ ಹಾಕ್ತೀವಿ" ಎಂದೆ. ನನ್ನ ವೃತ್ತಿಜೀವನದಲ್ಲಿ ಎಲ್ಲ ಎಲೆಗಳನ್ನೂ ಬಿಚ್ಚಿಟ್ಟು ಆಡಿದ್ದು ಅದೊಂದೇ ಸಲ.

"ಅಂಗೆ ಬನ್ನಿ ದಾರಿಗೆ! ಲೇ ರಘು, ಫೋನ್ ಮಾಡ್ಲಾ ಆ ಹುಡ್ಗೀಗೆ" ಎಂದರು. ರಘು ಆಗಲೇ ಮಾಡಿದ್ದ.

ಹಾಸನದ ಛತ್ರದಲ್ಲಿ ಮದುವೆಯಾಯಿತು. ಅರಕಲಗೂಡಿನಲ್ಲಿ ನಾವೇ ಬೀಗರೂಟ ಹಾಕಿದೆವು. ನಂಜೇಗೌಡರು ಸಾಲಿನ ಉದ್ದಕ್ಕೂ ನನ್ನ ಕೈ ಹಿಡಿದುಕೊಂಡು, "ಇವ್ರೇ ಕಣ್ರಪ್ಪಾ ಎಲೆರಾಯ್ರು" ಎಂದು ಒಬ್ಬೊಬ್ಬರಿಗೂ ಪರಿಚಯಿಸಿದರು. ಜಯಂತಿ ಕಾಪಾಡಿಕೊಂಡು ಬಂದಿದ್ದ ಮರ್ಯಾದೆ ಮಟನ್ ಸಾರಿನ ಜೊತೆಗೇ ಬಡಿಸಿಹೋಯಿತು. ಅದಾದ ಮೇಲೆ ಸರ್ಕಾರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟವೂ ನಿಂತಿತು. ಮೊಬೈಲ್ ಅಂಗಡಿಯ ಬಾಗಿಲನ್ನು ಮತ್ತೆ ತೆಗೆದಿದ್ದೇನೆ. ಬ್ಲಾಗು ನಡೆಯುತ್ತಿದೆ. ನೆಂಟರಲ್ಲಿ ಯಾರದಾದರೂ ಮದುವೆ ಮಾತುಕತೆಯಿದ್ದರೆ, "ನೀವು ಊಟದ್ ಹೊತ್ಗೆ ಬನ್ನಿ, ಸಾಕು" ಎಂದು ಮೊದಲೇ ಹೇಳಿಬಿಡುತ್ತಾರೆ.

ಈಗ ನನ್ನ ಹತ್ತಿರ ಇರುವುದಿಷ್ಟು: ಒಂದು ಮನೆ, ಒಂದು ಅಂಗಡಿ, ಒಬ್ಬಳು ಹೆಂಡತಿ, ಒಬ್ಬ ಷಡ್ಡಕ, ಮಾತನಾಡಿಸುವ ಒಬ್ಬಳು ನಾದಿನಿ. ನನ್ನ ಸಲಹೆಯನ್ನು ಇನ್ನೂ ಕೇಳುವ ಓದುಗರು, ಒಬ್ಬರು. ಅವರು ಚನ್ನರಾಯಪಟ್ಟಣದಲ್ಲಿದ್ದಾರೆ.