ಗಾಳಿ ಕಾಸುವ ಪೆಟ್ಟಿಗೆ

ನಮ್ಮ ಕಡೆ ಒಂದು ಹೊಸ ಯಂತ್ರ ತಂದಿಟ್ಟರೆ, ಯಂತ್ರ ತನ್ನ ಕೆಲಸ ಶುರು ಮಾಡುವ ಮೊದಲೇ ಜನ ಅದರ ಮೇಲೆ ತಮ್ಮ ಕೆಲಸ ಮುಗಿಸಿರುತ್ತಾರೆ. ಇದು ಯಾವಾಗಲೂ ನಡೆಯುವುದೇ. ನನ್ನ ಯಂತ್ರಕ್ಕೂ ಹಾಗೇ ಆಯಿತು. ನಾನು ಇದುವರೆಗೆ ಏನನ್ನೂ ಬರೆದವನಲ್ಲ. ಆದ್ದರಿಂದ ಮೊದಲು ಯಂತ್ರ ಏನೆಂದು ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧಕ್ಕಿಂತ ಮೊದಲು ನಾನು ಗೋಕಾಕದ ಹತ್ತಿರದ ಒಂದು ನೂಲಿನ ಗಿರಣಿಯಲ್ಲಿ ನಕಾಶೆ ಬರೆಯುವ ಕೆಲಸಕ್ಕಿದ್ದೆ. ಹೊಳೆಯ ನೀರಿನಿಂದ ಅಲ್ಲಿಗೆ ವಿದ್ಯುತ್ತು. ಒಂದು ದೊಡ್ಡ ಪಂಖಾ ಹೊರಗಿನ ಗಾಳಿಯನ್ನು ಎಳೆದು ತಗಡಿನ ಕೊಳವೆಗಳ ಮೂಲಕ ಎಲ್ಲ ಖಾತೆಗಳಿಗೂ, ಅಂದರೆ ವಿಭಾಗಗಳಿಗೂ, ತಳ್ಳುತ್ತಿತ್ತು. ಕೊಳವೆ ಎಂದರೆ ಒಲೆ ಊದುವ ಕೊಳವೆಯಲ್ಲ, ಅದರೊಳಗೆ ಒಂದು ಕರು ಆರಾಮವಾಗಿ ನಡೆದು ಹೋಗಬಹುದು. ಮಳೆಗಾಲದಲ್ಲಿ ಆ ಗಾಳಿ ತಣ್ಣಗೆ, ಹಸಿಯಾಗಿ ಬಂದು ಗೋದಾಮಿನ ನೂಲಿಗೆ ಬೂಷ್ಟು ಹಿಡಿಯುತ್ತಿತ್ತು. ಅದಕ್ಕೆ ಕೊಳವೆಯ ನಡುವೆ ಒಂದು ಪೆಟ್ಟಿಗೆ ಕೂಡಿಸಬೇಕು, ಅದರೊಳಗಿನ ತಂತಿಯ ಸುರುಳಿಗಳು ವಿದ್ಯುತ್ತಿನಿಂದ ಕೆಂಪಗೆ ಕಾಯಬೇಕು, ಗಾಳಿ ಅವುಗಳ ನಡುವೆ ಹಾಯ್ದು ಬೆಚ್ಚಗಾಗಬೇಕು. ಇದಕ್ಕೆ ಹೀಟರ್ ಎನ್ನುತ್ತಾರೆ. ಅದನ್ನು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮುಂಬಯಿಯಲ್ಲಿದ್ದ ದೊಡ್ಡ ಸಾಹೇಬರು ಇನ್ನೂ ಒಂದು ಷರತ್ತು ಹಾಕಿದ್ದರು. ಒಂದೇ ನಮೂನೆಯ ಪೆಟ್ಟಿಗೆ ಯಾವ ಕೊಳವೆಗಾದರೂ ಕೂಡಬೇಕು. ನಿಲ್ಲಿಸಿದರೆ ನಿಲ್ಲಬೇಕು, ಮಲಗಿಸಿದರೆ ಮಲಗಬೇಕು, ಮಾಡಿಗೆ ತೂಗುಹಾಕಿದರೆ ತೂಗಬೇಕು. ಮೊದಲು ಹೊರಗಿನವರಲ್ಲಿ ಹಚ್ಚಿ ನೋಡಿ, ಕೊನೆಗೆ ಗಿರಣಿಯಲ್ಲಿ ಸಾಹೇಬರ ಮುಂದೆ ನಡೆಸಿ ತೋರಿಸಬೇಕು. ಗೆದ್ದರೆ ನಾನು ನಕಾಶೆ ಕೋಣೆಯಲ್ಲಿ ಕಾಯಂ. ಸೋತರೆ ಮರಳಿ ಹತ್ತಿ ಹಿಂಜುವ ಖಾತೆಗೆ. ಅಂಕಲಗಿಯ ಹೆಣ್ಣಿನ ಮನೆಯವರು ಮಾತು ಕೊಟ್ಟದ್ದು ನಕಾಶೆ ಕೋಣೆಯ ವರನಿಗೆ, ಹತ್ತಿ ಹಿಂಜುವವನಿಗಲ್ಲ. ಇಷ್ಟು ತಿಳಿದರೆ ನನ್ನ ಎದೆಬಡಿತದ ಕಾರಣ ತಿಳಿದಂತೆ.

೧. ಬಡಿಸುವುದು ಯಾರಿಗೆ?

ಮಾವನಾಗಬೇಕಾದವರು ಒಂದು ಸೋಮವಾರ ಗಿರಣಿಗೇ ಬಂದರು. ಅಳಿಯ ಏನು ಮಾಡುತ್ತಾನೆಂದು ಊರಲ್ಲಿ ಕೇಳಿದವರಿಗೆ ಹೇಳಲು ಅವರಿಗೆ ಒಂದು ಉತ್ತರ ಬೇಕಾಗಿತ್ತು.

"ಏನ್ ಮಾಡಾಕತ್ತೀರಿ ಅಳಿಯಂದ್ರ?"

"ಗಾಳಿ ಕಾಸೋ ಪೆಟ್ಟಿಗಿ ಮಾಡಾಕತ್ತೇನ್ರಿ ಮಾವಾರ."

ಅವರು ರುಮಾಲು ತೆಗೆದು ತಲೆ ಕೆರೆದುಕೊಂಡರು. "ಹಾಲು ಕಾಸೋದು ನೋಡೇನಿ, ಎಣ್ಣಿ ಕಾಸೋದು ನೋಡೇನಿ. ಗಾಳಿ ಕಾಸಿ ಯಾರಿಗೆ ಬಡಸ್ತೀರಿ?"

ನಾನು ಪಂಖಾ, ಕೊಳವೆ, ಸುರುಳಿ ಎಲ್ಲವನ್ನೂ ತೋರಿಸಿ ಬಹಳ ಹೊತ್ತು ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಊರಾಗ ನಾ ಇದೆಲ್ಲಾ ಹೇಳಂಗಿಲ್ಲ. ಗಿರಣ್ಯಾಗ ಏನೋ ಗುಟ್ಟಿನ ಕೆಲಸ ಮಾಡತಾರ, ಸರಕಾರದ್ದು ಅಂತೇನಿ. ಮರ್ಯಾದಿ ಉಳೀತೈತಿ."

೨. ಮೂಡಲಗಿಯ ಆಗ್ನೇಯ ಮೂಲೆ

ಮೂಡಲಗಿಯ ಒಬ್ಬ ಸಾವಕಾರರಿಗೆ ಹತ್ತಿಯಿಂದ ಬೀಜ ಬಿಡಿಸುವ ಕಾರಖಾನೆಯಿತ್ತು. ಅಲ್ಲಿ ಸ್ವಂತ ಎಂಜಿನ್, ಸ್ವಂತ ಡೈನಮೋ, ಪಂಖಾ, ಕೊಳವೆ ಎಲ್ಲ ಇದ್ದವು. (ಡೈನಮೋ ಎಂದರೆ ಎಂಜಿನ್ನು ತಿರುಗಿಸಿದಾಗ ವಿದ್ಯುತ್ತು ಕೊಡುವ ಯಂತ್ರ.) ಮಳೆಗೆ ತೊಯ್ದ ಹತ್ತಿಯನ್ನು ಒಣಗಿಸಲು ಪೆಟ್ಟಿಗೆ ಬೇಕೆಂದರು. ಹತ್ತಿಯ ರಾಶಿ ವಾಯವ್ಯ ಮೂಲೆಯಲ್ಲಿತ್ತು. ನಾನು ಅದರ ಬಾಜೂಕ್ಕೇ ಕೊಳವೆ ಬಿಚ್ಚಲು ಹೋದೆ.

ಸಾವಕಾರರು ತಡೆದರು. "ಇದರೊಳಗ ಬೆಂಕಿ ಐತೇನ್ರಿ?"

"ಬೆಂಕಿ ಅಲ್ರಿ, ಕಾದ ತಂತಿ."

"ಕೆಂಪಗ ಆಗತೈತೋ ಇಲ್ಲೋ?"

"ಆಗತೈತ್ರಿ."

"ಮುಟ್ಟಿದ್ರ ಸುಡತೈತೋ ಇಲ್ಲೋ?"

"ಸುಡತೈತ್ರಿ."

"ಮತ್ತ ಅದಕ್ಕ ಬೆಂಕಿ ಅನ್ನದ ನೀರು ಅಂತಾರೇನು? ಬೆಂಕಿ ಆಗ್ನೇಯಕ್ಕ ಇರಬೇಕು. ಎಲ್ಲೆ ಬೇಕಾದಲ್ಲೆ ಕೂಡತೈತಿ ಅಂತ ನೀವs ಹೇಳೀರಿ, ಹೌದಲ್ಲೋ?"

ಹೌದು. ಅದೇ ನನ್ನ ಪೆಟ್ಟಿಗೆಯ ದೊಡ್ಡ ಗುಣ. ಆಗ್ನೇಯದಲ್ಲಿ ಕೂಡಿಸಿದೆ, ಬಹಳ ಚಂದ ಕೂಡಿತು. ಆದರೆ ಬಿಸಿ ಗಾಳಿ ಅಷ್ಟುದ್ದದ ತಗಡಿನಲ್ಲಿ ಪ್ರಯಾಣ ಮಾಡಿ ವಾಯವ್ಯ ಮುಟ್ಟುವಷ್ಟರಲ್ಲಿ ಮೊದಲಿನಷ್ಟೇ ತಣ್ಣಗಾಗಿರುತ್ತಿತ್ತು. ಹತ್ತಿಯನ್ನಾದರೂ ಈಚೆ ತನ್ನಿ ಎಂದರೆ, ಹತ್ತಿ ಹಗುರ ವಸ್ತು, ವಾಯುವಿನ ಮೂಲೆ ಬಿಟ್ಟು ಕದಲಬಾರದು ಎಂದರು.

ವಾರದ ಮೇಲೆ ನೋಡಲು ಹೋದೆ. ಸಾವಕಾರರು ತಮ್ಮ ಗಾದಿ, ಒರಗುವ ತಕ್ಕೆ, ಎಲೆಯಡಿಕೆ ತಟ್ಟೆ ಸಮೇತ ಪೆಟ್ಟಿಗೆಯ ಪಕ್ಕಕ್ಕೆ ಬಂದು ಕೂತಿದ್ದರು. ಮುಖ ಕಳೆಕಳೆಯಾಗಿತ್ತು. "ಏನ್ ಮಾಲು ಮಾಡೀರಿ! ಮೊಣಕಾಲು ನೋವು ಪೂರಾ ಹೋತು."

ಗಿರಣಿಗೆ ಬಂದ ಮೇಲೆ ಮ್ಯಾನೇಜರರು ಕೇಳಿದರು: "ಒಣಗಿತೇನು?"

"ಸಾವ್ಕಾರ್ರು ಒಣಗ್ಯಾರ್ರಿ," ಎಂದೆ. "ಹತ್ತಿ ಇನ್ನೂ ಹಸೀನ ಐತಿ."

೩. ಹುಕ್ಕೇರಿಯ ಬಿಸಿ ಆಟ

ಮೂಡಲಗಿಯದು ಅರ್ಧ ಸೋಲು ಎಂದು ಮ್ಯಾನೇಜರರು ತೀರ್ಪು ಕೊಟ್ಟರು. ಆದ್ದರಿಂದ ಹುಕ್ಕೇರಿಯಲ್ಲಿ ಗೆಲ್ಲಲೇಬೇಕಾಗಿತ್ತು. ಅಲ್ಲಿ ತಗಡಿನ ಮಾಡಿನ ಒಂದು ಸಿನೆಮಾ ಮಂದಿರವಿತ್ತು. ಮಳೆಗಾಲದ ಥಂಡಿಗೆ ಜನ ಬರುವುದಿಲ್ಲವೆಂದು ಮಾಲೀಕರು ಪೆಟ್ಟಿಗೆ ತರಿಸಿದರು. ಮಾಡಿನ ಕೆಳಗಿನ ಕೊಳವೆಗೆ ಅದನ್ನು ತೂಗುಹಾಕಿದೆ.

ಆಟ ಶುರುವಾಯಿತು. ಕುದುರೆಯ ಮೇಲೆ ರಾಜಕುಮಾರ ನಾಗಾಲೋಟದಲ್ಲಿ ಹೊರಟ. ನಾನು ಹೀಟರಿನ ಗುಂಡಿ ಒತ್ತಿದೆ. ಅಲ್ಲಿದ್ದದ್ದು ಒಂದೇ ಚಿಕ್ಕ ಡೈನಮೋ. ಎರಡನ್ನೂ ಅದು ಎಳೆಯಲಾರದೆ ಹೋಯಿತು. ಪರದೆ ಮಬ್ಬಾಯಿತು. ಕುದುರೆ ಮೊದಲು ನಡೆಯತೊಡಗಿತು, ಆಮೇಲೆ ಒಂದು ಕಾಲೆತ್ತಿ ಯೋಚಿಸತೊಡಗಿತು. ರಾಜಕುಮಾರನ ಹಾಡು ಎಮ್ಮೆ ಕೂಗಿದಂತೆ ಕೇಳಿಸಿತು.

ಮಾಲೀಕರು ಓಡಿಬಂದು ಹೀಟರ್ ಆರಿಸಿದರು. ಕುದುರೆ ಓಡಿತು. ಆದರೆ ಜನ ಅಷ್ಟರಲ್ಲಿ ಬಿಸಿಯ ರುಚಿ ಕಂಡಿದ್ದರು. ಹಿಂದಿನಿಂದ ಒಬ್ಬರು ಕಂಬಳಿಯೊಳಗಿಂದ ಕೂಗಿದರು: "ಏ ಮಾಲಕ್ರ, ಬಿಸಿ ಯಾಕ ಬಂದ್ ಮಾಡಿದ್ರಿ?"

"ಬಿಸಿ ಹಚ್ಚಿದ್ರ ಆಟ ನಿಂದರತೈತ್ರೆಪಾ!"

"ನಿಂದರ್ಲಿ ಬಿಡ್ರಿ! ಹೆಂಗೂ ಕಡೀಕ ಅವಗs ರಾಜ್ಯ ಸಿಗತೈತಿ. ಬಿಸಿ ಹಚ್ಚರಿ!"

ಇಡೀ ಮಂದಿರ "ಬಿಸಿ ಹಚ್ಚರಿ" ಎಂದು ಬೆಂಚು ಬಡಿಯಿತು. ಉಳಿದ ಹೊತ್ತು ಎಲ್ಲರೂ ಕತ್ತಲಲ್ಲಿ ಬೆಚ್ಚಗೆ ಕೂತು ಎತ್ತಿನ ಮಾತು, ಬೀಗರ ಮಾತು ಆಡಿ, ಸಂತೋಷದಿಂದ ಮನೆಗೆ ಹೋದರು. ಮರುದಿನ ಬೆಲ್ಲದ ಬಾಗೇವಾಡಿಯಿಂದ ಒಂದು ಬಂಡಿ ತುಂಬ ಜನ ಬಂದರು. ಟಿಕೀಟು ಕಿಟಕಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಬಿಸಿ ಐತೋ, ಇಲ್ಲಾ ಬರೇ ಸಿನೆಮಾನೋ?"

೪. ಸಾಹೇಬರ ಪರೀಕ್ಷೆ

ಆಟವನ್ನೇ ನಿಲ್ಲಿಸುವ ಯಂತ್ರವನ್ನು ಮ್ಯಾನೇಜರರು ಗೆಲುವೆಂದು ಒಪ್ಪಲಿಲ್ಲ. ಹೀಗೆ ಎರಡು ಊರು ಮುಗಿದು ನನ್ನ ಕೈಯಲ್ಲಿ ಒಂದೂ ಗೆಲುವಿರಲಿಲ್ಲ. ಉಳಿದದ್ದು ಗೋಕಾಕದ ನಮ್ಮ ಗಿರಣಿಯೇ. ದೊಡ್ಡ ಸಾಹೇಬರು ಮುಂಬಯಿಯಿಂದ ಬಂದರು. ಹಾರ ಹಾಕಿಸಿಕೊಂಡರು. ಪೆಟ್ಟಿಗೆಯನ್ನು ನೂಲಿನ ಗೋದಾಮಿನ ಕೊಳವೆಗೆ ಜೋಡಿಸಿದ್ದೆವು. ಪ್ರತಿ ಮೂಲೆಗೂ ಬಿಸಿ ಸಮನಾಗಿ ಮುಟ್ಟಬೇಕು, ಇದೇ ಪರೀಕ್ಷೆ.

ನಾನು ಗುಂಡಿ ಒತ್ತಿದೆ. ಮೊದಲು ಬೆಚ್ಚನೆಯ ಗಾಳಿ ಬಂತು. ಸಾಹೇಬರು ತಲೆದೂಗಿದರು. ಆಮೇಲೆ ಏನೋ ಘಾಟು ಬಂತು. ಸಾಹೇಬರು ಕೆಮ್ಮಿದರು. ಮ್ಯಾನೇಜರರು ಕೆಮ್ಮಿದರು. ನೂಲು ಸುತ್ತುವ ಹೆಣ್ಣುಮಕ್ಕಳು ಮೂಗಿಗೆ ಸೆರಗು ಹಿಡಿದು "ಅಯ್ಯಯ್ಯ ಸತ್ತೆವ್ರೆವ್ವಾ" ಎನ್ನುತ್ತ ಹೊರಗೆ ಓಡಿದರು.

ನಾನು ಪಂಖಾ ನಿಲ್ಲಿಸಿ ಜೋಡಣೆಯ ಮಿಸ್ತ್ರಿಯನ್ನು ಹಿಡಿದು ಕೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಹೊಸ ಯಂತ್ರ ಅಲ್ರಿ, ದೃಷ್ಟಿ ತಾಗಬಾರದಂತ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟೇನ್ರಿ."

"ಕಟ್ಟಿದ್ರ ಹೊರಗ ಕಟ್ಟಬೇಕ್ರಿ! ಒಳಗ ಯಾಕ?"

"ಹೊರಗಿನ ತಗಡು ಹಳೇದ್ರಿ, ಅದನ್ನ ಯಾರ ನೋಡತಾರ? ಸಾಹೇಬ್ರು ಮುಚ್ಚಳ ತಗದು ನೋಡೋದು ತಂತೀನs. ದೃಷ್ಟಿ ಬೀಳೋದು ಅಲ್ಲೇ ಅಲ್ರೀ?"

ತರ್ಕ ಸರಿಯಾಗಿಯೇ ಇತ್ತು. ದಾರ ಸುಟ್ಟು ಮೆಣಸಿನಕಾಯಿಯೆಲ್ಲ ಕೆಂಪಗೆ ಕಾದ ತಂತಿಯ ಮೇಲೆ ಬಿದ್ದಿತ್ತು, ಅಷ್ಟೇ. ನನ್ನ ಕಣ್ಣ ಮುಂದೆ ಹತ್ತಿ ಹಿಂಜುವ ಖಾತೆಯೂ ಅಂಕಲಗಿಯ ಮುಚ್ಚಿದ ಬಾಗಿಲೂ ಬಂದವು.

ಆದರೆ ಸಾಹೇಬರು ಕಣ್ಣೀರು ಸುರಿಸುತ್ತ ಅಂಗಳದಲ್ಲಿ ತಿರುಗಾಡುತ್ತಿದ್ದರು. ಪ್ರತಿಯೊಬ್ಬರನ್ನೂ ನಿಲ್ಲಿಸಿ, ನೀನು ಯಾವ ಮೂಲೆಯವನು, ಕೆಮ್ಮು ಎಷ್ಟು ಬಂತು ಎಂದು ಮ್ಯಾನೇಜರರ ಬಾಯಿಂದ ಕೇಳಿಸುತ್ತಿದ್ದರು. ಉತ್ತರ ಮೂಲೆಯವರು ಕೆಮ್ಮಿದ್ದರು. ದಕ್ಷಿಣ ಮೂಲೆಯವರೂ ಅಷ್ಟೇ ಕೆಮ್ಮಿದ್ದರು. ಪೂರ್ವ ಮೂಲೆಯವರು ಇನ್ನೂ ಕೆಮ್ಮುತ್ತಿದ್ದರು. ಪಶ್ಚಿಮದಲ್ಲಿ ಕೂಡುವ ತೂಕದ ಗುಮಾಸ್ತರು ಮಾತ್ರ ಹೊರಗೇ ಬಂದಿರಲಿಲ್ಲ. ಒಳಗೆ ಹೋಗಿ ನೋಡಿದರೆ ಎಲೆ ಹಾಕಿಕೊಂಡು ಕೂತಿದ್ದರು. "ನನಗೇನೂ ಆಗಿಲ್ರಿ. ಥಂಡಿ ಅಂತ ಗಾಳಿ ಬರೋ ಕಿಂಡಿಗೆ ಹೋದ ವರ್ಷನs ಗೋಣಿಚೀಲ ತುರುಕೇನ್ರಿ."

ಸಾಹೇಬರು ನನ್ನ ಕೈ ಹಿಡಿದು ಕುಲುಕಿದರು. ಕಿಂಡಿ ಮುಚ್ಚಿದ ಒಂದು ಮೂಲೆ ಬಿಟ್ಟು ಗಾಳಿ ಎಲ್ಲ ಮೂಲೆಗೂ ಸಮನಾಗಿ ಮುಟ್ಟಿದೆ, ಇಷ್ಟು ಸ್ಪಷ್ಟವಾದ ಪರೀಕ್ಷೆಯನ್ನು ತಾವು ಎಲ್ಲಿಯೂ ನೋಡಿಲ್ಲ ಎಂದರು. ನಾನು ಕಾಯಂ ಆದೆ. ಅಂಕಲಗಿಗೆ ಅಂದೇ ಸುದ್ದಿ ಹೋಯಿತು. ಇನ್ನು ಮುಂದೆ ಎಲ್ಲಿ ಪೆಟ್ಟಿಗೆ ಕೂಡಿಸಿದರೂ ಇದೇ ಪರೀಕ್ಷೆ ಆಗಬೇಕು, ಆದ್ದರಿಂದ ನಕಾಶೆಯಲ್ಲಿ ಮೆಣಸಿನಕಾಯಿಗೆ ಒಂದು ಕೊಕ್ಕೆ ತೋರಿಸು ಎಂದು ಅಪ್ಪಣೆಯಾಯಿತು.

ಕೊಕ್ಕೆಯ ಅಳತೆ ಹಾಕಿ, ಹೊಸ ನಕಾಶೆಯನ್ನು ಮಿಸ್ತ್ರಿಯ ಮುಂದೆ ಹಾಸಿದೆ. ಅವರು ಬಹಳ ಹೊತ್ತು ನೋಡಿ, ಬೇಸರದಿಂದ ತಲೆ ಅಲ್ಲಾಡಿಸಿದರು.

"ಇಷ್ಟು ಶಾಣ್ಯಾ ಇದ್ದೀರಿ. ನಿಂಬಿಹಣ್ಣಿಗೆ ಜಾಗಾನs ಬಿಟ್ಟಿಲ್ಲಲ್ರೀ!"