ಖಾಲಿ ಪಾತ್ರೆ ಕಂಡರಾಗದ ದೊರೆಸಾನಿ

ನಮ್ಮ ಹೊಸಪೇಟೆಯ ದೊರೆಸಾನಿಯವರು ಊರು ಬಿಡುವಾಗ ತಮ್ಮ ಬಂಗಲೆಯನ್ನೇ ಪಾತ್ರೆಗಳಲ್ಲಿ ತುಂಬಿ ಮನೆಮನೆಗೆ ಹಂಚಿದರು. ಉತ್ಪ್ರೇಕ್ಷೆಯಲ್ಲ! ಇದಕ್ಕೆಲ್ಲ ಮೂಲನಾದ ಮೂರ್ಖ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನೀವಾಗಿ ಕಂಡುಹಿಡಿದರೆ ಇನ್ನೂ ಹೆಚ್ಚು ಬೈಯುತ್ತೀರಿ.

ಸಮುದ್ರ ದಾಟಿ ಬಂದು ಚರ್ಚಿನ ಶಾಲೆ ನೋಡಿಕೊಳ್ಳುತ್ತಿದ್ದವರು ಅವರು. ನಾನು ಅವರಿಗೆ ಕನ್ನಡ ಕಲಿಸುವ ಮುನ್ಷಿ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ಮುನ್ಷಿ! ಕಂಡವರ ಹಾಗೆ ನಡೆದು, ಕೆಮ್ಮಿ, ಸೀನಿ ತೋರಿಸುವುದು ನನ್ನ ಇನ್ನೊಂದು ಉದ್ಯೋಗ. ನಿಜ ಹೇಳಬೇಕೆಂದರೆ ಊರಲ್ಲಿ ಹೆಸರಿದ್ದದ್ದು ಅದಕ್ಕೇ.

ಎಲ್ಲರೊಡನೆ ಗೌರವದಿಂದ ಮಾತಾಡಬೇಕೆಂದು ಮೊದಲ ಪಾಠ ಹೇಳಿದೆ. ಮರುದಿನ ಅಂಗಳಕ್ಕೆ ಕತ್ತೆ ನುಗ್ಗಿತು. ದೊರೆಸಾನಿಯವರು ಅದಕ್ಕೆ ಕೈಮುಗಿದು, “ದಯಮಾಡಿ ಹೊರಗ ಹೋಗ್ರಿ” ಎಂದರು! ಚರ್ಚಿನ ಕಸ ಗುಡಿಸುವ ಶಾಂತಮ್ಮ ಪೊರಕೆ ಹಿಡಿದು ನಿಂತು ನಿಟ್ಟುಸಿರು ಬಿಟ್ಟಳು: “ನಮ್ಮತ್ತಿ ನನಗ ಒಂದಿನಾನೂ ಹಿಂಗ ಅಂದಿಲ್ಲ ನೋಡ್ರಿ.”

ಅದೇ ಶಾಂತಮ್ಮ ಒಮ್ಮೆ ಬಟ್ಟಲಲ್ಲಿ ಶೇಂಗಾ ಚಟ್ನಿ ತಂದುಕೊಟ್ಟಳು. ಬಟ್ಟಲು ತೊಳೆದು ಕೊಟ್ಟರೆ ಸಾಕೇ ಎಂದು ದೊರೆಸಾನಿಯವರು ನನ್ನನ್ನು ಕೇಳಿದರು. “ನಮ್ಮಲ್ಲಿ ಪಾತ್ರೆ ಖಾಲಿ ಕೊಡೂದಿಲ್ರಿ. ಚೂರು ಬೆಲ್ಲ ಆದ್ರೂ ಹಾಕ್ಬೇಕು” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಬೇಕಲ್ಲ! “ಬಂದದ್ದಕ್ಕಿಂತ ದೊಡ್ಡದನ್ನ ಹಾಕ್ಬೇಕ್ರಿ. ಇಲ್ಲಾಂದ್ರ ಕೊಟ್ಟೋರಿಗೆ ಅವಮಾನ” ಎಂದು ಸೇರಿಸಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದುಕೊಂಡರು.

ಚಟ್ನಿ ಬಟ್ಟಲಲ್ಲಿ ಕೇಕು ಹೋಯಿತು. ಶಾಂತಮ್ಮ ಸೋಲುವವಳೇ? ಹೋಳಿಗೆ ಬಂತು. ಹೋಳಿಗೆಗೆ ಬದಲಾಗಿ ದೊರೆಸಾನಿಯವರು ಕೈಯಾರೆ ಹೆಣೆದ ಉಣ್ಣೆ ಟೊಪ್ಪಿಗೆ ಹೋಯಿತು. ನಮ್ಮ ಬೇಸಿಗೆಯಲ್ಲಿ ಉಣ್ಣೆ! ಶಾಂತಮ್ಮನ ಗಂಡ ಮರ್ಯಾದೆಗಾಗಿ ಅದನ್ನು ಹಾಕಿಕೊಂಡು ಚರ್ಚಿನ ಬಾಗಿಲವರೆಗೆ ಬಂದು ನನ್ನ ಕಿವಿಯಲ್ಲಿ, “ಒಳಗ ಇಡ್ಲಿ ಬೇಯಾಕತ್ಯಾವ್ರೀ ಮುನ್ಷಿ” ಎಂದ. ಕಂಪ್ಲಿಯ ಒಂದು ಮನೆಯವರು ಮಡಕೆ ತುಂಬ ಹೊಸ ಅಕ್ಕಿ ಕಳಿಸಿದರೆ, ಅದೇ ಮಡಕೆಯಲ್ಲಿ ಕೋಳಿ ಕೂತು ಹೋಯಿತು. ದಾರಿಯಲ್ಲಿ ಕೋಳಿ ಮೊಟ್ಟೆ ಇಟ್ಟಿತು. ಆ ಮೊಟ್ಟೆ ಯಾರದೆಂದು ಕೇಳಲು ಆ ಮನೆಯವರು ಗಾಡಿ ಕಟ್ಟಿಕೊಂಡು ಮತ್ತೆ ಬಂದರು!

ಹೀಗಿರುವಾಗ ದೊರೆಸಾನಿಯವರ ದೇಶದಿಂದ ಕಾಗದ ಬಂತು. ಅಕ್ಕ ಹಾಸಿಗೆ ಹಿಡಿದಿದ್ದಾರೆ, ನೋಡುವವರಿಲ್ಲ. ಹೊರಡಲೇಬೇಕು, ಮತ್ತೆ ಬರುವುದು ಅನುಮಾನ. ಬೀಳ್ಕೊಡುವ ಸಭೆಯಲ್ಲಿ, ಎಲ್ಲರ ಮುಖ ಅರಳಲಿ ಎಂದು ನಾನು ದೊರೆಸಾನಿಯವರ ಹಾಗೆಯೇ ನಡೆದು ತೋರಿಸಿದೆ. ನಕ್ಕವರು ಅವರೊಬ್ಬರೇ.

ಹೊರಡುವ ಹಿಂದಿನ ದಿನ ಚರ್ಚಿನ ಒಂದೊಂದು ಮನೆಯಿಂದಲೂ ಅಡಿಗೆ ಬಂತು. ಕಲ್ಲು ಒಡೆಯುವವರು, ಕೂಲಿಗೆ ಹೋಗುವವರು, ತಾವು ಹಬ್ಬಕ್ಕೂ ಮಾಡದ್ದನ್ನು ಮಾಡಿ ತಂದಿದ್ದರು. ದೊರೆಸಾನಿಯವರು ಗಾಬರಿಯಾದರು. “ಕೊಡಾಕ ಅಂತ ಬಂದೆ ಮುನ್ಷಿ. ಬರೀ ತಗೊಂಡು ಹೋದೆ ಅಂತ ಆಗಬಾರದು” ಎಂದು ದೀಪ, ಪರದೆ, ಚಮಚ ಎಲ್ಲ ಪಾತ್ರೆಗಳಿಗೆ ತುಂಬಿದರು. ಕೊನೆಗೆ ಉಳಿದದ್ದು ಒಂದು ಜೊತೆ ಬೂಟು, ಎರಡು ಪಾತ್ರೆ. ಎಡಗಾಲಿನದು ಒಂದು ಮನೆಗೆ, ಬಲಗಾಲಿನದು ಇನ್ನೊಂದಕ್ಕೆ! ಮಾತುಬಿಟ್ಟಿದ್ದ ಆ ಎರಡು ಮನೆಯವರು ಈಗ ಬೂಟಿನ ನೆಪದಲ್ಲಿ ಮಾತಾಡುತ್ತಿದ್ದಾರೆ.

ಬೆಳಿಗ್ಗೆ ಸ್ಟೇಷನ್ನಿನಲ್ಲಿ, ರೈಲು ಇನ್ನೇನು ಹೊರಡಬೇಕು, ದೊರೆಸಾನಿಯವರು ಕೂತಿದ್ದ ಕಿಟಕಿಯ ಬಳಿಗೆ ಶಾಂತಮ್ಮ ಓಡಿಬಂದಳು. ಕೈಯಲ್ಲಿ ಹಿತ್ತಾಳೆ ಡಬ್ಬಿ. ಒಳಗೆ ಎಲೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿ, ಮೊಸರನ್ನದ ಬುತ್ತಿ. ದೊರೆಸಾನಿಯವರು ಚೀಲ ತಡಕಿದರು. ಟಿಕೀಟು, ಕರವಸ್ತ್ರ, ಬೈಬಲ್ಲು. ಕೊಡಲು ಏನೂ ಇಲ್ಲ. ಬುತ್ತಿಯ ಗಂಟನ್ನು ಡಬ್ಬಿಯಿಂದ ತೆಗೆದು ಪಕ್ಕಕ್ಕಿಟ್ಟು, ಮೂಗಿನ ಮೇಲಿನ ಕನ್ನಡಕ ತೆಗೆದು ಡಬ್ಬಿಯೊಳಗಿಟ್ಟರು! ಅದಿಲ್ಲದಿದ್ದರೆ ಅವರಿಗೆ ಆನೆಯೂ ಕಾಣದು.

ನನ್ನಿಂದ ತಡೆಯಲಾಗಲಿಲ್ಲ. “ತಪ್ಪಾತ್ರಿ ಅಮ್ಮಾರ! ದೊಡ್ಡದು ಹಾಕ್ಬೇಕು ಅಂದಿದ್ದು ನಾನು ಕಟ್ಟಿದ ಸುಳ್ಳು.”

ಅವರು ನನ್ನ ದನಿ ಬಂದ ಕಡೆ ತಿರುಗಿ, “ನಿಮ್ಮ ಮಾತು ಸುಳ್ಳಿರಬಹುದು ಮುನ್ಷಿ. ಇವರ ಅನ್ನ ಸುಳ್ಳಲ್ಲ” ಎಂದು ಡಬ್ಬಿಯನ್ನು ಕಿಟಕಿಯಿಂದ ಹೊರಗೆ ಚಾಚಿದರು. ರೈಲು ಕೂಗಿತು.

ಶಾಂತಮ್ಮ ಡಬ್ಬಿಯನ್ನು ಕನ್ನಡಕದ ಸಮೇತ ಒಳಗೆ ತಳ್ಳಿ ಗದರಿದಳು:

“ಡಬ್ಬಿ ಯಾರು ಕೇಳಿದ್ರು ನಿಮ್ಮನ್ನ? ಕನ್ನಡಕ ಹಾಕ್ಕೊಳ್ರಿ ಮೊದಲು. ರೈಲು ಹೋಗೂತನಕ ನಮ್ಮ ಮಾರಿ ನೋಡ್ರಿ.”